ಮರಸಿನ ಮೌನ: ಮಲೆನಾಡಿನ ಬೇಟೆಯ ಬರಹ ಮತ್ತು ಶ್ರಾವಕನ ಓದು

ಜೈನಾಚಾರ್ಯರು ಬೇಟೆಯನ್ನು ಹಿಂಸೆ ಎಂದಷ್ಟೇ ಹೇಳಿ ಬಿಡಲಿಲ್ಲ. ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಕಳವು, ಪರಸ್ತ್ರೀಗಮನಗಳ ಸಾಲಿನಲ್ಲಿ ಅದನ್ನೂ ಇಟ್ಟು ಸಪ್ತವ್ಯಸನಗಳಲ್ಲಿ ಒಂದೆಂದು ಎಣಿಸಿದರು. ಕೊಲೆ ಒಂದು ಕೃತ್ಯ. ವ್ಯಸನವಾದರೋ ಮನಸ್ಸು ಮತ್ತೆ ಮತ್ತೆ ಹಂಬಲಿಸುವ ಸುಖ. ಬೇಟೆಯಲ್ಲಿ ಕೊಲ್ಲುವ ಕ್ಷಣಕ್ಕಿಂತ ಮೊದಲೇ ಸುಖವೊಂದು ಹುಟ್ಟುತ್ತದೆ, ಕೊಂದ ಮೇಲೂ ಕಥೆಯಾಗಿ ಉಳಿಯುತ್ತದೆ ಎಂಬ ತಿಳಿವಳಿಕೆ ಈ ಎಣಿಕೆಯ ಹಿಂದಿದೆ. ಆದುದರಿಂದ ಬೇಟೆಯ ವಿಚಾರ ಕಾಡಿಗೆ ಮಾತ್ರ ಸೇರಿದ್ದಲ್ಲ. ಮನೆಯ ಜಗಲಿಗೆ, ಪಾಠಶಾಲೆಯ ಪುಸ್ತಕದ ಕಪಾಟಿಗೆ ಕೂಡ ಸೇರಿದ್ದು.

ಈ ಜಿಜ್ಞಾಸೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಗಿಂತ ತಕ್ಕ ನೆಲ ದೊರೆಯುವುದು ಕಷ್ಟ. ಶೃಂಗೇರಿಗೆ ಹೆಸರು ಬಂದದ್ದು ಋಷ್ಯಶೃಂಗನಿಂದ ಎಂಬುದು ಪ್ರತೀತಿ. ಜಿಂಕೆಯ ಬಸಿರಲ್ಲಿ ಹುಟ್ಟಿ ನೆತ್ತಿಯ ಮೇಲೆ ಕೊಂಬು ಹೊತ್ತ ಮುನಿ ಅವನು. ಹತ್ತಿರದ ಕಿಗ್ಗದಲ್ಲಿ ಇಂದಿಗೂ ಅವನ ಹೆಸರಿನ ಗುಡಿಯಿದೆ. ಶೃಂಗೇರಿ ಪೇಟೆಯ ನಡುವೆಯೇ 12ನೆಯ ಶತಮಾನದ ಪಾರ್ಶ್ವನಾಥ ಬಸದಿ ನಿಂತಿದೆ. ನರಸಿಂಹರಾಜಪುರದ ಸಿಂಹನಗದ್ದೆ ಬಸ್ತಿಯಲ್ಲಿ ಚಂದ್ರಪ್ರಭ ತೀರ್ಥಂಕರರ ಯಕ್ಷಿಯಾದ ಜ್ವಾಲಾಮಾಲಿನಿ ನೆಲೆಸಿದ್ದಾಳೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಕುವೆಂಪು ಅವರು 1904ರಲ್ಲಿ ಹುಟ್ಟಿದ ಊರು. ಜಿಂಕೆಯ ಮಗನ ನೆನಪು, ಅಹಿಂಸಾಧರ್ಮದ ಬಸದಿಗಳು, ಕನ್ನಡದಲ್ಲಿ ಕಾಡನ್ನೂ ಬೇಟೆಯನ್ನೂ ಆಳವಾಗಿ ಬರೆದ ಕವಿಯ ಜನ್ಮಸ್ಥಳ, ಈ ಮೂರೂ ಒಂದೇ ಮಳೆಯಲ್ಲಿ ನೆನೆಯುವ ನೆಲವಿದು.

ಇದೇ ನೆಲದಲ್ಲಿ ಹಿಂದೆ ಕಡವೆ, ಜಿಂಕೆ, ಕಾಡುಕುರಿಗಳ ಬೇಟೆ ಊರೂರಿನ ರೂಢಿಯಾಗಿತ್ತು. ನಾಯಿಗಳನ್ನು ಬಿಟ್ಟು, ಕೂಗು ಹಾಕಿ, ಮೃಗಗಳನ್ನು ಎಬ್ಬಿಸಿ ಹೊಡೆಯುವುದು ಒಂದು ಬಗೆ. ಮರಸು ಕೂರುವುದು ಇನ್ನೊಂದು. ಮೃಗ ನೀರಿಗೆ ಬರುವ ಹಾದಿ, ಹಣ್ಣುದುರುವ ಮರದ ಬುಡ, ಗದ್ದೆಯಂಚಿನ ಹೆಜ್ಜೆಗುರುತು, ಇವನ್ನು ನೋಡಿಟ್ಟುಕೊಂಡು, ಮರದ ಮೇಲೋ ಪೊದೆಯ ಮರೆಯಲ್ಲೋ ಅಡಗಿ ಕೂರುವ ಕ್ರಮ ಅದು. ಗಾಳಿ ತನ್ನ ಕಡೆಯಿಂದ ಮೃಗದ ಕಡೆಗೆ ಬೀಸಬಾರದು. ಕೆಮ್ಮಬಾರದು, ಕೈ ಆಡಿಸಬಾರದು. ಬಿಲ್ಲು ಹಿಡಿದವನಿಗಂತೂ ಈ ಕಟ್ಟು ಇನ್ನೂ ಬಿಗಿ. ಕೋವಿಯ ಗುಂಡಿನಷ್ಟು ದೂರ ಬಾಣ ಗುರಿಯಿಟ್ಟು ಹೋಗದಾದ್ದರಿಂದ ಮೃಗ ಕೆಲವೇ ಮಾರುಗಳ ಹತ್ತಿರಕ್ಕೆ ನಂಬಿ ಬರುವ ತನಕ ಅವನು ಕಾಯಬೇಕು. ಅಮೆರಿಕದಂಥ ದೇಶಗಳಲ್ಲಿ ಇಂದಿಗೂ ಪೊದೆಯ ಮರೆಯಲ್ಲಿ ಬಿಲ್ಲು ಹಿಡಿದು ಜಿಂಕೆಗೆ ಕಾಯುವುದು ಪರವಾನಗಿ ಪಡೆದು ಆಡುವ ಕ್ರೀಡೆ. ಹತ್ತಿರದಿಂದ ಹೊಡೆಯುವುದರಿಂದ ಅದು ಕೋವಿಗಿಂತ ನ್ಯಾಯವಾದ ಬೇಟೆ ಎಂಬುದು ಅಲ್ಲಿನ ಬೇಟೆಗಾರರು ಮುಂದಿಡುವ ವಾದ.

ಮರಸಿನಲ್ಲಿ ಕುಳಿತವನನ್ನು ದೂರದಿಂದ ಕಂಡವರಿಗೆ ಅವನು ಧ್ಯಾನಸ್ಥನಂತೆಯೇ ತೋರಿಯಾನು. ದೇಹ ಅಲುಗದು, ಮಾತಿಲ್ಲ, ಇಂದ್ರಿಯಗಳು ಒಂದೇ ಕಡೆ ನೆಟ್ಟಿವೆ, ಸೊಳ್ಳೆ ಕಚ್ಚಿದರೂ ಜಿಗಣೆ ಹತ್ತಿದರೂ ಸಹಿಸುತ್ತಾನೆ. ಕಾಯೋತ್ಸರ್ಗದಲ್ಲಿ ನಿಂತ ಮುನಿಯ ಹೊರಲಕ್ಷಣಗಳೂ ಇವೇ. ಆದರೆ ಏಕಾಗ್ರತೆಯೆಲ್ಲ ಒಂದೇ ಜಾತಿಯದಲ್ಲ ಎಂಬುದು ಜೈನ ಮನಶ್ಶಾಸ್ತ್ರದ ಬಹು ಸೂಕ್ಷ್ಮವಾದ ನಿರ್ಣಯ. ತತ್ತ್ವಾರ್ಥಸೂತ್ರವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಹಿಂಸೆಯಲ್ಲಿ ಮನಸ್ಸು ನೆಟ್ಟು ನಿಲ್ಲುವುದು ರೌದ್ರಧ್ಯಾನದ ಮೊದಲ ಭೇದ. ಹೀಗಾಗಿ ಮರಸಿನ ಮೌನವೂ ಒಂದು ಧ್ಯಾನವೇ ಹೌದು. ಕೆಳಗೆ ಒಯ್ಯುವ ಧ್ಯಾನ. ಮೃಗ ಬಾರದೆ ಬೇಟೆಗಾರ ಬರಿಗೈಯಲ್ಲಿ ಮನೆಗೆ ಮರಳಿದರೂ ಆ ಇಡೀ ಇರುಳಿನ ಬಂಧ ಅವನಿಗೆ ಅಂಟಿಯೇ ಇರುತ್ತದೆ. ಗೃಹಸ್ಥನ ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕು ಬಗೆಯಾಗಿ ವಿವರಿಸುವಾಗ, ಅಣುವ್ರತಿಗೆ ಸಂಪೂರ್ಣವಾಗಿ ತ್ಯಾಜ್ಯವೆನಿಸಿದ್ದು ಸಂಕಲ್ಪಿ. ಮರಸು ಕೂರುವುದೆಂದರೆ ಸಂಕಲ್ಪವನ್ನೇ ಗಂಟೆಗಟ್ಟಲೆ ಸಾಕಿ ಬೆಳೆಸುವುದು.

ಕನ್ನಡದ ಜೈನಕವಿಗಳು ಬೇಟೆಯನ್ನು ಹೇಗೆ ಕಂಡರು ಎಂಬುದು ಇಲ್ಲಿ ವಿಚಾರಾರ್ಹ. ಮಹಾಕಾವ್ಯದ ವರ್ಣನೆಗಳಲ್ಲಿ ಬೇಟೆಯೂ ಒಂದು. 941ರಲ್ಲಿ ಆದಿಪುರಾಣವನ್ನು ಮುಗಿಸಿದ ಪಂಪನೇ ವಿಕ್ರಮಾರ್ಜುನ ವಿಜಯದಲ್ಲಿ ಬೇಟೆಯನ್ನು ಅದರ ಪರಿಭಾಷೆಯೊಡನೆ ಬಲ್ಲವನಂತೆ ವರ್ಣಿಸಿದ್ದಾನೆ. ಅದು ಅವನ ಲೌಕಿಕ ಕಾವ್ಯ, ಆಶ್ರಯದಾತನ ಪರಾಕ್ರಮದ ಕಥೆ. ವ್ರತವಿದ್ದ ಕವಿಯೂ ಅರಮನೆಯ ರುಚಿಗೆ ಇಷ್ಟು ತೆರಬೇಕಾಯಿತೆಂದು ಕೆಲವರು ಹೇಳಬಹುದು. ಲೋಕವನ್ನು ಬೆಳಗುವ ಕಾವ್ಯ ಲೋಕದಲ್ಲಿರುವುದನ್ನು ಮುಚ್ಚಿಡದೆಂದು ಇನ್ನು ಕೆಲವರು ಹೇಳಬಹುದು. ಏನೇ ಇರಲಿ, ಆ ವರ್ಣನೆಯಲ್ಲಿ ಓದುಗ ನಿಲ್ಲುವುದು ಬೇಟೆಗಾರನ ಹೆಗಲಿಗೆ ಹೆಗಲಾಗಿ.

ಜನ್ನನ ಯಶೋಧರ ಚರಿತೆ (1209) ಓದುಗನನ್ನು ಬೇರೊಂದು ಕಡೆ ನಿಲ್ಲಿಸುತ್ತದೆ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪದೋಷದಿಂದ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಪಶುಪಕ್ಷಿಗಳಾಗಿ ಜನ್ಮ ಜನ್ಮ ತೊಳಲುತ್ತಾರೆ. ಕೊನೆಯ ತಿರ್ಯಗ್ಜನ್ಮದಲ್ಲಿ ಅವರು ಕೋಳಿಗಳು. ಧರ್ಮವನ್ನು ಕೇಳಿ ಹರ್ಷದಿಂದ ಕೂಗುತ್ತವೆ. ಆ ಕೂಗನ್ನೇ ಗುರಿಯಾಗಿಸಿ, ತನ್ನ ಶಬ್ದವೇಧಿ ವಿದ್ಯೆಯನ್ನು ರಾಣಿಗೆ ಮೆರೆದು ತೋರಿಸಲು ಯಶೋಮತಿ ಬಾಣ ಬಿಡುತ್ತಾನೆ. ಸತ್ತದ್ದು ಅವನ ತಂದೆ ಮತ್ತು ಅಜ್ಜಿ. ಬಿಲ್ಲುಗಾರನಿಗೆ ಗೊತ್ತಿರುವುದು ಸದ್ದು ಮಾತ್ರ. ಓದುಗನಿಗೆ ಆ ಸದ್ದಿನ ಹಿಂದಿರುವ ಜೀವದ ಇಡೀ ಚರಿತ್ರೆ ಗೊತ್ತು. ಈ ಅಂತರದಲ್ಲಿಯೇ ಕಾವ್ಯದ ಧರ್ಮ ಅಡಗಿದೆ. ಕೌಶಲವನ್ನು ಜನ್ನ ಅಲ್ಲಗಳೆಯುವುದಿಲ್ಲ. ಅದು ಎಷ್ಟು ಕುರುಡು ಎಂದು ತೋರಿಸುತ್ತಾನೆ.

ಪುನ್ನಾಟ ಸಂಘದ ಜಿನಸೇನಾಚಾರ್ಯರು 783ರಲ್ಲಿ ರಚಿಸಿದ ಸಂಸ್ಕೃತ ಹರಿವಂಶಪುರಾಣದ ಜರತ್ಕುಮಾರನ ಪ್ರಸಂಗ ಮರಸಿನ ಬೇಟೆಗೆ ಇನ್ನೂ ಹತ್ತಿರದ್ದು. ತನ್ನಿಂದಲೇ ಕೃಷ್ಣನಿಗೆ ಮರಣವೆಂಬ ಭವಿಷ್ಯವಾಣಿಯನ್ನು ಕೇಳಿ, ಅದು ಸುಳ್ಳಾಗಲೆಂದು ಈ ಅಣ್ಣ ದ್ವಾರಾವತಿಯನ್ನು ಬಿಟ್ಟು ದೂರದ ಕಾಡನ್ನು ಸೇರುತ್ತಾನೆ. ಅಲ್ಲಿ ಬಿಲ್ಲು ಹಿಡಿದು ಬೇಡನ ಬಾಳು ಬಾಳುತ್ತಾನೆ. ಕೊನೆಗೆ ದೂರದಲ್ಲಿ ಏನೋ ಅಲುಗಿದ್ದನ್ನು ಕಂಡು ಜಿಂಕೆಯೆಂದು ಭ್ರಮಿಸಿ ಬಾಣ ಬಿಡುತ್ತಾನೆ. ಬಾಣ ನೆಟ್ಟದ್ದು ಮಲಗಿದ್ದ ತಮ್ಮನ ಪಾದಕ್ಕೆ. ಇಲ್ಲಿ ವಿಧಿಯ ಆಟವನ್ನು ಮಾತ್ರ ಕಾಣುವುದು ಅಪೂರ್ಣವಾದ ಓದು. ಜರತ್ಕುಮಾರ ಊರನ್ನು ಬಿಟ್ಟ, ಬಂಧುಗಳನ್ನು ಬಿಟ್ಟ, ಬಿಲ್ಲನ್ನು ಬಿಡಲಿಲ್ಲ. ತಮ್ಮನನ್ನು ಕೊಲ್ಲಬಾರದೆಂದು ಓಡಿಹೋದವನಿಗೆ ಜಿಂಕೆಯನ್ನು ಕೊಲ್ಲಬಾರದೆಂದು ತೋರಲಿಲ್ಲ. ತನ್ನವರು ಬೇರೆ, ಮೃಗ ಬೇರೆ ಎಂದು ಅವನು ಎಳೆದ ಗೆರೆಯನ್ನು ಆ ಬಾಣ ದಾಟಿತು.

ಈ ಪ್ರಸಂಗಕ್ಕೆ ಎದುರುತ್ತರವಾಗಿ ಅದೇ ಪುರಾಣದಲ್ಲಿ ನೇಮಿನಾಥರ ವಿವಾಹಪ್ರಸಂಗವಿದೆ. ರಾಜೀಮತಿಯ ಕೈಹಿಡಿಯಲು ಹೊರಟ ಮದುವಣಿಗನಿಗೆ ದಾರಿಯಲ್ಲಿ ಕೂಡಿಹಾಕಿದ ಮೃಗಗಳ ಆರ್ತನಾದ ಕೇಳಿಸುತ್ತದೆ. ಅವು ಮದುವೆಯ ಊಟಕ್ಕೆಂದು ತಿಳಿದಾಗ ಅವರು ರಥವನ್ನು ತಿರುಗಿಸಿ ಊರ್ಜಯಂತಗಿರಿಯ ದಾರಿ ಹಿಡಿಯುತ್ತಾರೆ. ಯಶೋಮತಿಗೂ ಸದ್ದು ಕೇಳಿಸಿತ್ತು, ನೇಮಿಗೂ ಕೇಳಿಸಿತು. ಒಬ್ಬನಿಗೆ ಅದು ಗುರಿಯಾಯಿತು, ಇನ್ನೊಬ್ಬರಿಗೆ ವೈರಾಗ್ಯದ ಕಾರಣವಾಯಿತು. ಕೇಳುವ ಕಿವಿಯ ಹಿಂದಿರುವ ಭಾವವೇ ಹಿಂಸೆ ಅಹಿಂಸೆಗಳನ್ನು ನಿರ್ಣಯಿಸುತ್ತದೆ ಎಂಬುದಕ್ಕೆ ಇವೆರಡಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಒರೆಗಲ್ಲಿನ ಮೇಲೆ ಕುವೆಂಪು ಅವರ ಬರಹವನ್ನು ತಿಕ್ಕಿ ನೋಡಬಹುದು. ಮಲೆನಾಡಿನ ಚಿತ್ರಗಳು (1933) ಸಂಕಲನದಲ್ಲಿ ಬೇಟೆ ಬಹುಮಟ್ಟಿಗೆ ವಿನೋದ. ಗೆಳೆಯರ ಒಡನಾಟ, ಕಾಡಿನ ಸೊಬಗು, ಬೇಟೆಗಾರರ ಬಡಾಯಿ, ಫಜೀತಿ, ನಗು. ಬರಹ ಎಷ್ಟು ಜೀವಂತವೆಂದರೆ ಓದುಗನೂ ಉಸಿರು ಬಿಗಿಹಿಡಿಯುತ್ತಾನೆ. ಆದರೆ ಈ ಬಗೆಯ ಬೇಟೆಕಥನ ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಬೇಗನೆ ದಾಟಿಬಿಡುತ್ತದೆ. ಪೆಟ್ಟು ತಿಂದ ಮೃಗ ಒಡನೆ ಬೀಳುವುದಿಲ್ಲ. ಬಾಣ ಕೊಲ್ಲುವುದು ನೆತ್ತರು ಹರಿಸಿ; ನೆಟ್ಟ ಬಾಣದೊಡನೆ ಜಿಂಕೆ ಓಡುತ್ತದೆ, ಗುರಿ ತುಸು ತಪ್ಪಿದರೆ ಕಾಡಿನ ಯಾವುದೋ ಮೂಲೆಯಲ್ಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ನ್ಯಾಯವಾದ ಬೇಟೆ ಎಂಬ ವಾದ ಈ ಓಟದ ಹಾದಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೆಯದು, ಸತ್ತ ಮೃಗದ ಹಿಂದೆ ಉಳಿದ ಮರಿ. ಮರಸಿನ ಕಿಂಡಿಯಿಂದ ಇವು ಕಾಣುವುದೇ ಇಲ್ಲ.

ಆ ಕವಿ ಅಲ್ಲಿಯೇ ನಿಲ್ಲಲಿಲ್ಲ ಎಂಬುದು ಗಮನಾರ್ಹ. ಶ್ರೀ ರಾಮಾಯಣ ದರ್ಶನಂ (1949) ಮಹಾಕಾವ್ಯದ ಆರಂಭದಲ್ಲಿ ಬೇಡನ ಬಾಣಕ್ಕೆ ಕ್ರೌಂಚ ಬೀಳುತ್ತದೆ. ಮೂಲದಲ್ಲಿ ವಾಲ್ಮೀಕಿಯ ಶೋಕ ಶಾಪವಾಗಿ ಹೊಮ್ಮಿದರೆ, ಕುವೆಂಪು ಅವರ ವಾಲ್ಮೀಕಿ ತಾನೂ ಹಿಂದೆ ಕೊಲೆಯ ದಾರಿಯಲ್ಲಿದ್ದವನೆಂದು ನೆನೆದು ಬೇಡನನ್ನು ಶಪಿಸದೆ ತಡೆದು ತಿದ್ದುತ್ತಾನೆ. ಕರುಣೆ ಹಕ್ಕಿಗೂ ಸಲ್ಲುತ್ತದೆ, ಬೇಡನಿಗೂ ಸಲ್ಲುತ್ತದೆ. ಇದು ಜೈನಭಾವಕ್ಕೆ ಬಹು ಸಮೀಪವಾದ ನೋಟ. ಕೊಂದವನೂ ಕರ್ಮಬಂಧದಲ್ಲಿ ನರಳುವ ಜೀವವೇ ಎಂದು ತಿಳಿದವರು ಮಾತ್ರ ಹೀಗೆ ಬರೆಯಬಲ್ಲರು. ಮರಸಿನಿಂದ ಎದ್ದು ಕ್ರೌಂಚದ ಬಳಿಗೆ ನಡೆದ ಈ ಹಾದಿಯನ್ನು ಬಿಟ್ಟು, ಮೊದಲಿನ ಚಿತ್ರಗಳನ್ನಷ್ಟೇ ಓದಿ ಕವಿಯನ್ನು ಹೊಗಳುವುದೂ ತೆಗಳುವುದೂ ಸಲ್ಲದು.

ಶ್ರಾವಕಾಚಾರ ಗ್ರಂಥಗಳು ಅನರ್ಥದಂಡದ ಐದು ಬಗೆಗಳಲ್ಲಿ ದುಃಶ್ರುತಿಯನ್ನು ಹೇಳುತ್ತವೆ. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು, ಓದುವುದು. ಹಾಗಾದರೆ ಬೇಟೆಯ ಬರಹವೆಲ್ಲ ದುಃಶ್ರುತಿಯೇ, ಬಸದಿಯ ಗ್ರಂಥಭಂಡಾರದಿಂದ ಅದನ್ನು ಹೊರಗಿಡಬೇಕೆ? ಹಾಗೆಂದರೆ ಯಶೋಧರ ಚರಿತೆಯೂ ಹರಿವಂಶವೂ ಹೊರಗೆ ಹೋಗಬೇಕಾದೀತು. ವಸ್ತುವಿನಿಂದ ದುಃಶ್ರುತಿ ಆಗುವುದಿಲ್ಲ. ಅದು ಓದುಗನನ್ನು ಎಲ್ಲಿ ಬಿಡುತ್ತದೆ ಎಂಬುದರಿಂದ ಆಗುತ್ತದೆ. ಕಥೆ ಮುಗಿದಾಗ ಓದುಗ ಇನ್ನೂ ಪೊದೆಯ ಮರೆಯಲ್ಲಿಯೇ ಕುಳಿತು ಮುಂದಿನ ಜಿಂಕೆಗೆ ಕಾಯುತ್ತಿದ್ದರೆ ಅದು ದುಃಶ್ರುತಿ. ಅವನು ಎದ್ದು ಬಿದ್ದ ಜೀವದ ಬಳಿಗೆ ಹೋಗಿದ್ದರೆ ಅದು ಸುಶ್ರುತಿ. ಪಾಠಶಾಲೆಯಲ್ಲಿ ಮಕ್ಕಳಿಗೆ ಇಂಥ ಬರಹವನ್ನು ಓದಿಸುವವರು ಪುಸ್ತಕವನ್ನು ಮುಚ್ಚಿಡಬೇಕಿಲ್ಲ. ಕಥೆ ಹೇಳದೆ ಬಿಟ್ಟದ್ದೇನೆಂದು ಮಕ್ಕಳನ್ನು ಕೇಳಿದರೆ ಸಾಕು.

ಓದಿನ ಆಚೆಗೆ ಇನ್ನೊಂದು ಹೊಣೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಡವೆ, ಜಿಂಕೆಗಳ ಬೇಟೆ ಅಪರಾಧ. ಬೇಟೆಯ ಪ್ರಯತ್ನವೂ ಬೇಟೆಯೆಂದೇ ಪರಿಗಣಿತ. ಕೊಲ್ಲದಿದ್ದರೂ ಸಂಕಲ್ಪಕ್ಕೆ ಫಲವುಂಟೆಂಬ ಆಚಾರ್ಯರ ಮಾತಿಗೆ ಲೌಕಿಕ ಕಾನೂನು ಇಲ್ಲಿ ತುಸು ಹತ್ತಿರ ಬಂದಿದೆ. ಆದರೂ ಕಾನೂನು ಮುಖ್ಯವಾಗಿ ಹಿಡಿಯುವುದು ಕೃತವನ್ನು. ಧರ್ಮವಾದರೋ ಕೃತ, ಕಾರಿತ, ಅನುಮೋದಿತ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ತಾನು ಮಾಂಸ ಮುಟ್ಟದ ಶ್ರಾವಕನ ತೋಟದಂಚಿನಲ್ಲಿ ಬೇರೊಬ್ಬರು ಮರಸು ಕೂರಲು ಅವನು ಕಣ್ಣುಮುಚ್ಚಿ ಬಿಟ್ಟರೆ ಅದು ಅನುಮೋದನೆ; ಕೋವಿಯನ್ನೋ ಬಲೆಯನ್ನೋ ಎರವಲು ಕೊಟ್ಟರೆ ಹಿಂಸಾದಾನ. ಬೆಳೆ ತಿನ್ನುವ ಮೃಗದಿಂದ ಗದ್ದೆಯನ್ನು ಉಳಿಸಿಕೊಳ್ಳುವ ಕಷ್ಟ ನಿಜವಾದದ್ದು. ಬೇಲಿ, ಬೆಂಕಿ, ಕೂಗು, ಕಾವಲುಗಳಿಂದ ಓಡಿಸುವುದು ರಕ್ಷಣೆ. ಬೆಳೆಯ ನೆಪದಲ್ಲಿ ಮಾಂಸಕ್ಕಾಗಿ ಅಡಗಿ ಕಾಯುವುದು ರಕ್ಷಣೆಯಲ್ಲ. ವಿರೋಧಿ ಹಿಂಸೆಯ ಹೆಸರಿನಲ್ಲಿ ನಡೆಯುವ ಸಂಕಲ್ಪಿ ಹಿಂಸೆ.

ಸಿಂಹನಗದ್ದೆಯ ಜ್ವಾಲಾಮಾಲಿನಿ ಅಷ್ಟಭುಜೆ. ಶಾಸ್ತ್ರ ಹೇಳುವ ಅವಳ ಆಯುಧಗಳಲ್ಲಿ ಬಿಲ್ಲುಬಾಣಗಳೂ ಇವೆ. ಆದರೆ ಆ ಬಿಲ್ಲು ಯಾವ ಪೊದೆಯ ಮರೆಯಲ್ಲಿಯೂ ಅಡಗಿಲ್ಲ. ಶರಣು ಬಂದವರಿಗೆ ಅಭಯವಾಗಿ, ಎಲ್ಲರ ಕಣ್ಣೆದುರಿಗೆ ಎತ್ತಿ ಹಿಡಿದದ್ದು. ಶೃಂಗೇರಿಯ ತುಂಗೆಯ ಸೋಪಾನದಲ್ಲಿ ಯಾರೂ ಹಿಡಿಯದ ಮೀನುಗಳು ಮನುಷ್ಯನ ಕಾಲ ಬಳಿಗೇ ಬರುತ್ತವೆ. ಅವುಗಳನ್ನು ನೋಡಲು ಮರೆ ಬೇಕಿಲ್ಲ, ಗಾಳಿಯ ದಿಕ್ಕನ್ನು ಅಳೆಯಬೇಕಿಲ್ಲ. ಕಾಡಿನ ಜೀವವನ್ನು ಹತ್ತಿರದಿಂದ ಕಾಣಬೇಕೆಂಬ ಆಸೆ ತಪ್ಪಲ್ಲ. ಅದು ಹತ್ತಿರ ಬಂದಾಗ ಕೈ ಏನು ಮಾಡುತ್ತದೆ ಎಂಬುದೇ ಶ್ರಾವಕಧರ್ಮದ ಪ್ರಶ್ನೆ.