ಕ್ರೀಡಾಲೇಖನದಲ್ಲಿ ವರ್ಣನೆಯೂ ಸಾಕ್ಷ್ಯವೂ

ದಿನಪತ್ರಿಕೆಗಳಲ್ಲಿ ಆಟದ ಸುದ್ದಿಗೆ ಮೀಸಲಾದ ಪುಟವನ್ನು ಸಾಹಿತ್ಯವೆಂದು ಎಣಿಸುವ ವಾಡಿಕೆ ವಿದ್ವಜ್ಜನರಲ್ಲಿ ಇಲ್ಲ. ಮನೆಯ ಹುಡುಗರು ಆ ಪುಟವನ್ನೇ ಮೊದಲು ಬಿಚ್ಚುವರು. ಹಿರಿಯರು ಅದನ್ನು ಕೊನೆಗೆ ನೋಡುವರು, ಇಲ್ಲವೆ ನೋಡುವುದೇ ಇಲ್ಲ. ಗೆದ್ದವರಾರು, ಸೋತವರಾರು ಎಂಬುದು ತಿಳಿದ ಮೇಲೆ ಆ ಬರಹಕ್ಕೆ ಮತ್ತೇನು ಬೆಲೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಾಧುವಾದುದೇ. ಇಂಥ ಬರಹಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮರುದಿನದ ಸೂರ್ಯೋದಯವನ್ನೂ ಕಾಣಲಾರವು. ಆದರೆ ಉಳಿದ ಒಂದರ ವಿಷಯವೇನು? ಆಟ ಮುಗಿದು, ಆಡಿದವರೂ ನೋಡಿದವರೂ ಕಾಲವಾಗಿ, ಅಂಗಣವೇ ನೆಲಸಮವಾದ ಮೇಲೆಯೂ ಕೆಲವು ಟಿಪ್ಪಣಿಗಳು ಓದಿಸಿಕೊಳ್ಳುತ್ತಿವೆ. ಅವುಗಳನ್ನು ಉಳಿಸಿದ ಗುಣ ಯಾವುದು, ಅವು ಕಾಣದೆ ಬಿಟ್ಟುದು ಯಾವುದು ಎಂಬುದನ್ನು ಮೂವರು ಲೇಖಕರನ್ನು ಮುಂದಿಟ್ಟುಕೊಂಡು ವಿಚಾರಿಸಬಹುದು. ಮೊದಲಿನ ಇಬ್ಬರು ಅಮೆರಿಕದವರು, ಕಾಲೇಜುಗಳ ಫುಟ್‌ಬಾಲನ್ನು ಕುರಿತು ಬರೆದವರು. ಮೂರನೆಯವನು ಬ್ರೆಜಿಲ್ ದೇಶದವನು, ಲೋಕವೆಲ್ಲ ಆಡುವ ಕಾಲ್ಚೆಂಡನ್ನು ಕುರಿತು ಬರೆದವನು.

ಈ ಎರಡು ಆಟಗಳಿಗೆ ಹೆಸರು ಒಂದೇ ಆದರೂ ರೂಪ ಬೇರೆ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು. ಪಕ್ಷಕ್ಕೆ ಹನ್ನೊಂದು ಮಂದಿ. ಏಳು ಮಂದಿ ಮುಂದೆ ಸಾಲುಗಟ್ಟಿ ಎದುರಾಳಿಗಳನ್ನು ನೂಕಿ ದಾರಿ ಬಿಡಿಸಿದರೆ, ಹಿಂದಿನ ನಾಲ್ವರು ಆ ದಾರಿಯಲ್ಲಿ ಚೆಂಡನ್ನು ಒಯ್ಯುವರು. ಇದು ಆ ದೇಶದಲ್ಲಿ ವಿಶ್ವವಿದ್ಯಾಲಯಗಳ ಮಾನಾಪಮಾನದ ಪ್ರಶ್ನೆಯಾಗಿ ಬೆಳೆಯಿತು. ಅನ್ಯ ದೇಶಗಳ ಕಾಲ್ಚೆಂಡಿನಾಟವಾದರೋ ರಾಷ್ಟ್ರರಾಷ್ಟ್ರಗಳ ಮಾನಾಪಮಾನದ ಪ್ರಶ್ನೆಯಾಯಿತು.

ಗ್ರಾಂಟ್‌ಲಂಡ್ ರೈಸನು 1880ರಲ್ಲಿ ಟೆನೆಸೀ ಪ್ರಾಂತದಲ್ಲಿ ಹುಟ್ಟಿದವನು. ಪದ್ಯವನ್ನೂ ಬರೆಯಬಲ್ಲವನಾಗಿದ್ದ ಈತನು ತನ್ನ ಕಾಲದ ಕ್ರೀಡಾಲೇಖಕರಲ್ಲಿ ಅಗ್ರಗಣ್ಯನೆನಿಸಿದನು. 1924ರ ಅಕ್ಟೋಬರ್ 18ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಅಂಗಣದಲ್ಲಿ ನೋಟರ್‌ಡೇಮ್ ವಿಶ್ವವಿದ್ಯಾಲಯದ ಪಕ್ಷವು ಸೈನಿಕ ವಿದ್ಯಾಶಾಲೆಯ ಪಕ್ಷವನ್ನು 13-7ರಿಂದ ಸೋಲಿಸಿತು. ಆ ಆಟವನ್ನು ಕುರಿತ ರೈಸನ ವರದಿಯ ಮೊದಲ ವಾಕ್ಯವೃಂದವು ಅಮೆರಿಕದ ಕ್ರೀಡಾಸಾಹಿತ್ಯದಲ್ಲೆಲ್ಲ ಅತ್ಯಂತ ಪ್ರಸಿದ್ಧವಾದುದೆಂದು ಹೇಳಬಹುದು. ಚೆಂಡನ್ನು ಒಯ್ಯುವ ನಾಲ್ವರು ಯುವಕರನ್ನು—ಸ್ಟುಲ್‌ಡ್ರೆಹರ್, ಮಿಲ್ಲರ್, ಕ್ರೌಲಿ, ಲೇಡನ್—ಅವನು ಬೈಬಲಿನ ಕೊನೆಯ ಭಾಗದಲ್ಲಿ ಪ್ರಳಯಕಾಲಕ್ಕೆ ಹೊರಟು ಬರುವ ನಾಲ್ವರು ಕುದುರೆಸವಾರರಿಗೆ ಹೋಲಿಸಿ, ಕ್ಷಾಮ, ವ್ಯಾಧಿ, ವಿನಾಶ, ಮೃತ್ಯುಗಳೆಂಬ ಹೆಸರನ್ನಿಟ್ಟನು. ಶರತ್ಕಾಲದ ಬೂದು ಬಣ್ಣದ ಆಕಾಶದ ಹಿನ್ನೆಲೆಯಲ್ಲಿ ಅವರು ಮತ್ತೊಮ್ಮೆ ಸವಾರಿ ಹೊರಟರೆಂದು ವರ್ಣಿಸಿದನು.

ಈ ವರ್ಣನೆಯ ಗುಣವನ್ನು ಅಲ್ಲಗಳೆಯಲಾಗದು. ವೀರರಸಕ್ಕೆ ಬೇಕಾದ ವೇಗವೂ ಗಾಂಭೀರ್ಯವೂ ಅಲ್ಲಿವೆ. ಪುರಾಣದ ಹೆಸರನ್ನು ಕೊಟ್ಟೊಡನೆಯೇ ಅವು ಬರಿಯ ಬಿರುದುಗಳೆಂದು ತಾನೇ ಒಪ್ಪಿ, ಆ ಹುಡುಗರ ನಿಜನಾಮಗಳನ್ನು ಹೇಳಿ ನೆಲಕ್ಕಿಳಿಯುವ ಜಾಣ್ಮೆಯೂ ಇದೆ. ರೂಪಕಕ್ಕೆ ಬೀಜವು ಮೂರು ವರ್ಷ ಹಿಂದೆ ಬಂದಿದ್ದ ಒಂದು ಚಲಚ್ಚಿತ್ರದಲ್ಲಿತ್ತು. ವಿರಾಮಕಾಲದಲ್ಲಿ ಆ ಚಿತ್ರದ ಮಾತೆತ್ತಿದವನು ತಾನೆಂದು ನೋಟರ್‌ಡೇಮಿನ ಪ್ರಚಾರಕಾರ್ಯವನ್ನು ನೋಡುತ್ತಿದ್ದ ವಿದ್ಯಾರ್ಥಿ ಜಾರ್ಜ್ ಸ್ಟ್ರಿಕ್ಲರನು ಮುಂದೆ ಹೇಳಿದ್ದುಂಟು. ಅದೇ ಸ್ಟ್ರಿಕ್ಲರನು ಊರಿಗೆ ಮರಳಿದೊಡನೆ ನಾಲ್ಕು ಕುದುರೆಗಳನ್ನು ತರಿಸಿ, ಆಟದ ಉಡುಪಿನಲ್ಲಿಯೇ ನಾಲ್ವರನ್ನೂ ಹತ್ತಿಸಿ, ಛಾಯಾಚಿತ್ರವನ್ನು ತೆಗೆಸಿ ದೇಶದಲ್ಲೆಲ್ಲ ಹಂಚಿದನು. ಹೀಗೆ ಅಲಂಕಾರವು ಕಣ್ಣಿಗೆ ಕಾಣುವ ವಸ್ತುವಾಗಿಬಿಟ್ಟಿತು.

ಆದರೆ ಔಚಿತ್ಯದ ಒರೆಗಲ್ಲಿಗೆ ಹಚ್ಚಿದರೆ ಕೊರತೆಗಳು ಕಾಣುತ್ತವೆ. ಮೊದಲನೆಯದು ದೃಷ್ಟಿಯದು. ಪತ್ರಿಕಾಲೇಖಕರು ಕುಳಿತುಕೊಳ್ಳುವುದು ಎತ್ತರದ ಅಟ್ಟದ ಮೇಲೆ. ಅಲ್ಲಿಂದ ಕೆಳಗೆ ನೋಡುವವನಿಗೆ ಆಟಗಾರರ ಹಿಂದೆ ಕಾಣುವುದು ಹುಲ್ಲುನೆಲವೇ ಹೊರತು ಆಕಾಶವಲ್ಲ. ರೈಸನು ಅಂಗಣದ ಮೇಲೆ ಅಂಗಾತ ಮಲಗಿ ನೋಡಿದನೇನು ಎಂದು ಮುಂದಿನ ಲೇಖಕರು ಹಾಸ್ಯ ಮಾಡಿದರು. ಹಾಸ್ಯವಾದರೂ ಅದು ಸರಿಯಾದ ವಿಮರ್ಶೆ: ಕಂಡುದನ್ನು ವರ್ಣಿಸುವುದಕ್ಕಿಂತ ವರ್ಣನೆಗೆ ಒಪ್ಪುವುದನ್ನು ಕಾಣುವ ಚಾಪಲ್ಯವು ಅಲ್ಲಿದೆ. ಎರಡನೆಯದು ನ್ಯಾಯದ್ದು. ದಾರಿ ಬಿಡಿಸಿಕೊಟ್ಟ ಮುಂದಿನ ಸಾಲಿನ ಏಳು ಮಂದಿಗೆ ಈ ರೂಪಕದಲ್ಲಿ ಸ್ಥಳವೇ ಇಲ್ಲ. ಅವರಿಗೆ ಸಂದ ಬಿರುದು ‘ಏಳು ಹೇಸರಗತ್ತೆಗಳು’ ಎಂಬುದು. ಸವಾರರು ಪುರಾಣವಾದರು, ಹೊರೆ ಹೊತ್ತವರು ನಗೆಮಾತಾದರು.

ಮೂರನೆಯ ಕೊರತೆಯು ಇವೆರಡಕ್ಕಿಂತಲೂ ಆಳವಾದುದು. ರೈಸನು ‘ಮೃತ್ಯು’ ಎಂಬ ಮಾತನ್ನು ಅಲಂಕಾರಕ್ಕಾಗಿ ಬಳಸಿದನು. ಅದಕ್ಕೆ ಒಂದು ವರ್ಷ ಹಿಂದೆ, 1923ರ ಅಕ್ಟೋಬರಿನಲ್ಲಿ, ಅಯೋವಾ ಸ್ಟೇಟ್ ಕಾಲೇಜಿನ ಪಕ್ಷದಲ್ಲಿ ಮೊದಲಬಾರಿಗೆ ಸೇರಿದ ಕಪ್ಪು ವರ್ಣದ ಆಟಗಾರ ಜ್ಯಾಕ್ ಟ್ರೈಸನು ಮಿನ್ನೆಸೋಟದ ಎದುರು ಆಡುವಾಗ ತುಳಿತಕ್ಕೆ ಸಿಕ್ಕಿ, ಎರಡು ದಿನಗಳಲ್ಲಿ ಪ್ರಾಣ ಬಿಟ್ಟಿದ್ದನು. ಕಪ್ಪು ವರ್ಣದವರು ಎದುರು ಪಕ್ಷದಲ್ಲಿದ್ದರೆ ತಾವು ಆಡೆವೆಂದು ದಕ್ಷಿಣ ಪ್ರಾಂತಗಳ ಕಾಲೇಜುಗಳು ಹಿಡಿದ ಹಟಕ್ಕೆ ಉತ್ತರದವರು ಮಣಿಯುವುದು ಆಗಿನ ಪದ್ಧತಿ. ಆ ಕಾಲದ ವರ್ಣನಾಚತುರರ ಬರಹಗಳಲ್ಲಿ ಈ ಸಂಗತಿಗೆ ಸಿಕ್ಕ ಎಡೆ ಅತ್ಯಲ್ಪ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯು ಎತ್ತರದ ಅಟ್ಟದಿಂದ ಕಂಡ ಅಂಗಣಕ್ಕೂ ಸಲ್ಲುತ್ತದೆ.

ಆ ಬೆಟ್ಟದ ಕಲ್ಲುಮುಳ್ಳುಗಳನ್ನು ಹತ್ತಿರದಿಂದ ಕಂಡವನು ಎರಡನೆಯ ಲೇಖಕ, ಸ್ಯಾಮ್ ಲೇಸಿ. ಈತನು ವಾಷಿಂಗ್ಟನ್ ನಗರದ ಕಪ್ಪು ಸಮಾಜದ ಪತ್ರಿಕೆಯಾದ ‘ವಾಷಿಂಗ್ಟನ್ ಟ್ರಿಬ್ಯೂನ್’ಗೆ ಬರೆಯುತ್ತಿದ್ದನು. 1937ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾಲಯದ ಪಕ್ಷದಲ್ಲಿ ವಿಲ್ಮೆತ್ ಸಿದತ್‌ಸಿಂಗ್ ಎಂಬ ಕುಶಲ ಆಟಗಾರನಿದ್ದನು. ಹುಟ್ಟಿನಿಂದ ಕಪ್ಪು ಸಮಾಜದವನು. ತಂದೆ ತೀರಿಕೊಂಡ ಬಳಿಕ ತಾಯಿಯು ಭಾರತೀಯ ಮೂಲದ ವೈದ್ಯನೊಬ್ಬನನ್ನು ಮದುವೆಯಾದುದರಿಂದ ಅವನಿಗೆ ಈ ಹೆಸರು ಬಂದಿತು. ಪತ್ರಿಕೆಗಳು ಅವನನ್ನು ‘ಹಿಂದೂ’ ಎಂದು ಬರೆದವು. ಹೆಸರಿನ ಮರೆಯಲ್ಲಿ ಬಣ್ಣದ ಪ್ರಶ್ನೆಯು ಮುಚ್ಚಿಹೋಯಿತು. ಅಕ್ಟೋಬರಿನಲ್ಲಿ ಬಾಲ್ಟಿಮೋರಿನಲ್ಲಿ ಮೇರಿಲೆಂಡ್ ವಿಶ್ವವಿದ್ಯಾಲಯದ ಎದುರು ಆಟ ಗೊತ್ತಾಗಿದ್ದಾಗ, ಆತನು ಹಿಂದೂ ಅಲ್ಲ, ಕಪ್ಪು ಸಮಾಜದವನೇ ಎಂಬುದನ್ನು ಲೇಸಿಯು ಪ್ರಕಟಿಸಿದನು. ಮೇರಿಲೆಂಡಿನವರು ಆಕ್ಷೇಪಿಸಿದರು, ಸಿರಕ್ಯೂಸಿನವರು ಮಣಿದರು, ಸಿದತ್‌ಸಿಂಗನು ಹೊರಗೆ ಕುಳಿತನು. ಅವನ ಪಕ್ಷವು 13-0ರಿಂದ ಸೋತಿತು.

ಲೇಸಿಯ ಆ ಬರಹದಲ್ಲಿ ಆಕಾಶವಿಲ್ಲ, ಕುದುರೆಗಳಿಲ್ಲ. ಅದರ ಬಲವೆಲ್ಲ ಒಂದು ಸಂಗತಿಯನ್ನು ಅಡಗಿಸದೆ ಹೇಳಿದುದರಲ್ಲಿದೆ. ತಮ್ಮವನೇ ಆದ ಒಬ್ಬ ತರುಣನ ಅವಕಾಶವನ್ನು ತಮ್ಮ ಪತ್ರಿಕೆಯೇ ಕೆಡಿಸಿತೆಂದು ಕಪ್ಪು ಸಮಾಜದೊಳಗೇ ಲೇಸಿಯನ್ನು ನಿಂದಿಸಿದವರುಂಟು. ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು. ಬರೆದವನಿಗೆ ಸತ್ಯನಿಷ್ಠೆಯ ಕೀರ್ತಿ. ನಷ್ಟವನ್ನು ಅನುಭವಿಸಿದವನು ಮೌನವಾಗಿ ಕುಳಿತ ಹುಡುಗ. ಆದರೂ ಲೇಸಿಯು ತಾನು ಮಾಡಿದುದನ್ನು ಸಮರ್ಥಿಸಿಕೊಂಡನು. ಅವನ ಪಕ್ಷದಲ್ಲಿ ಹೇಳಬೇಕಾದುದು ಇಷ್ಟು: ಪರದೇಶದ ಹೆಸರಿದ್ದರೆ ಒಳಗೆ ಬಿಟ್ಟು, ಅದೇ ಮೈಬಣ್ಣದವನನ್ನು ಸ್ವದೇಶದ ಹೆಸರಿನಲ್ಲಿ ಹೊರಗಿಡುವ ನಿಯಮವು ಸುಳ್ಳಿನ ಆಶ್ರಯದಲ್ಲಿಯೇ ಬದುಕಿತ್ತು. ಆ ಸುಳ್ಳನ್ನು ಕಾಪಾಡುತ್ತ ಹೋದರೆ ಒಬ್ಬನಿಗೆ ಆಟ ದೊರೆಯುತ್ತಿತ್ತು, ನಿಯಮಕ್ಕೆ ಆಯುಸ್ಸು ಹೆಚ್ಚುತ್ತಿತ್ತು. ಭಾರತದ ಹೆಸರೊಂದು ಈ ಕಪಟಕ್ಕೆ ಮುಸುಕಾಗಿ ಒದಗಿತೆಂಬುದು ಭಾರತೀಯ ವಾಚಕರು ಗಮನಿಸತಕ್ಕ ಸಂಗತಿ. ಮರುವರ್ಷ ಸಿದತ್‌ಸಿಂಗನು ಮೇರಿಲೆಂಡಿನ ಎದುರು ಆಡಿದನು. ಸಿರಕ್ಯೂಸ್ 53-0ರಿಂದ ಗೆದ್ದಿತು. ಆತನು 1943ರಲ್ಲಿ ವೈಮಾನಿಕ ಶಿಕ್ಷಣದಲ್ಲಿದ್ದಾಗ ವಿಮಾನಾಪಘಾತದಲ್ಲಿ ಮಡಿದನು.

ರೈಸನಲ್ಲಿ ವರ್ಣನೆಯುಂಟು, ಸಾಕ್ಷ್ಯವು ಅಲ್ಪ. ಲೇಸಿಯಲ್ಲಿ ಸಾಕ್ಷ್ಯವುಂಟು, ವರ್ಣನೆಗೆ ಎಡೆಯಿಲ್ಲ. ಇವೆರಡನ್ನೂ ಒಂದೇ ಲೇಖನಿಯಲ್ಲಿ ಕೂಡಿಸಲು ಯತ್ನಿಸಿದವನು ಬ್ರೆಜಿಲಿನ ಮಾರಿಯೋ ಫಿಲ್ಯೋ. 1908ರಲ್ಲಿ ರೆಸೀಫೆಯಲ್ಲಿ ಹುಟ್ಟಿ ರಿಯೋ ಡಿ ಜನೈರೋದಲ್ಲಿ ಪತ್ರಿಕಾವೃತ್ತಿಯನ್ನು ಹಿಡಿದ ಈತನು ಪ್ರಸಿದ್ಧ ನಾಟಕಕಾರ ನೆಲ್ಸನ್ ರೊಡ್ರಿಗೆಸನ ಅಣ್ಣ. ಬ್ರೆಜಿಲಿನ ಕಾಲ್ಚೆಂಡಿನಲ್ಲಿ ಕಪ್ಪು ವರ್ಣದವರ ಸ್ಥಾನವನ್ನು ಕುರಿತ ಇವನ ಗ್ರಂಥವು 1947ರಲ್ಲಿ ಪ್ರಕಟವಾಯಿತು. ಸಮಾಜಶಾಸ್ತ್ರಜ್ಞನಾದ ಜಿಲ್ಬರ್ಟೋ ಫ್ರೇರೆಯು ಅದಕ್ಕೆ ಮುನ್ನುಡಿ ಬರೆದನು.

ನ್ಯೂಯಾರ್ಕಿನಲ್ಲಿ ನಾಲ್ವರು ಸವಾರರು ಹೊರಟ 1924ನೆಯ ಇಸವಿಯೇ ಈ ಗ್ರಂಥದಲ್ಲಿಯೂ ಮುಖ್ಯವಾದ ಘಟ್ಟ. ಅದರ ಹಿಂದಿನ ವರ್ಷ ವಾಸ್ಕೋ ಡ ಗಾಮಾ ಎಂಬ ಸಂಘವು ಕಪ್ಪು ವರ್ಣದವರನ್ನೂ ಮಿಶ್ರವರ್ಣದವರನ್ನೂ ಬಡ ಬಿಳಿಯರನ್ನೂ ಕೂಡಿಸಿ ರಿಯೋದ ಪಂದ್ಯಾವಳಿಯನ್ನು ಗೆದ್ದಿತ್ತು. ಸಿರಿವಂತರ ಸಂಘಗಳು ಕೂಡಲೆ ಹೊರನಡೆದು ಬೇರೆ ಮಂಡಲಿಯನ್ನು ಸ್ಥಾಪಿಸಿ, ವಾಸ್ಕೋ ಸಂಘವು ತನ್ನ ಹನ್ನೆರಡು ಆಟಗಾರರನ್ನು ಕೈಬಿಟ್ಟರೆ ಸೇರಿಸಿಕೊಳ್ಳುವೆವೆಂದು ತಿಳಿಸಿದವು. ಮುಂದಿಟ್ಟ ಕಾರಣವು ಬಣ್ಣವಲ್ಲ; ಓದುಬರಹ, ಉದ್ಯೋಗ, ಸಾಮಾಜಿಕ ಯೋಗ್ಯತೆ. ಆ ಸಂಘದ ಅಧ್ಯಕ್ಷನು 1924ರ ಏಪ್ರಿಲ್ 7ರ ತನ್ನ ಪತ್ರದಲ್ಲಿ ಈ ಷರತ್ತನ್ನು ನಿರಾಕರಿಸಿದನು.

ಮಾರಿಯೋ ಫಿಲ್ಯೋ ಇದನ್ನು ವಾದವಾಗಿ ಹೇಳದೆ ಕಥೆಯಾಗಿ ಹೇಳುತ್ತಾನೆ. ಜರ್ಮನ್ ತಂದೆಗೂ ಕಪ್ಪು ವರ್ಣದ ತಾಯಿಗೂ ಹುಟ್ಟಿದ ಫ್ರೀಡೆನ್‌ರೈಕನು ಆಟಕ್ಕೆ ಮುಂಚೆ ಗುಂಗುರು ಕೂದಲನ್ನು ತಿದ್ದಿ ನೇರಮಾಡಿಕೊಳ್ಳುತ್ತ ಎಲ್ಲರಿಗಿಂತ ತಡವಾಗಿ ಅಂಗಣಕ್ಕೆ ಬರುತ್ತಿದ್ದುದು, ಮಿಶ್ರವರ್ಣದ ಕಾರ್ಲೋಸ್ ಆಲ್ಬರ್ಟೋ ಮುಖಕ್ಕೆ ಅಕ್ಕಿಹಿಟ್ಟಿನ ಪುಡಿ ಬಳಿದುಕೊಂಡು ಆಡುತ್ತಿದ್ದುದು—ಇಂಥ ಸಣ್ಣ ವಿವರಗಳಲ್ಲಿಯೇ ಅವನ ಶಕ್ತಿ. ಆ ಪುಡಿಯ ಒಂದು ಚಿತ್ರವು ಕರುಣರಸವನ್ನು ಉಕ್ಕಿಸಲು ಸಾಕು; ಅಲ್ಲಿ ಅಲಂಕಾರವೂ ಸಾಕ್ಷ್ಯವೂ ಬೇರೆಬೇರೆಯಾಗಿಲ್ಲ.

ಇವನಲ್ಲಿಯೂ ದೋಷಗಳಿವೆ. ಕೇಳಿದ ಮಾತುಗಳ ಮೇಲೆಯೇ ಬಹುವಾಗಿ ನಿಂತ ಗ್ರಂಥವಿದು. ದಾಖಲೆಗಳ ಆಧಾರವು ಸಾಲದೆಂದು ಮುಂದಿನ ಇತಿಹಾಸಕಾರರು ಆಕ್ಷೇಪಿಸಿದ್ದಾರೆ. ಪುಡಿಯ ಕಥೆಯನ್ನೇ ಒಪ್ಪದವರೂ ಇದ್ದಾರೆ. ಮೊದಲ ಆವೃತ್ತಿಯ ಧ್ವನಿಯೂ ಅತಿ ಆಶಾಭರಿತವಾದುದು: ತಡೆಗಳೆಲ್ಲ ಒಂದೊಂದಾಗಿ ಬಿದ್ದು ಆಟವು ಎಲ್ಲರದಾಯಿತೆಂಬ ಮಂಗಳದ ಕಡೆಗೆ ಕಥೆಯು ಸಾಗುತ್ತದೆ.

ಆ ಮಂಗಳವನ್ನು ಮೂರೇ ವರ್ಷಗಳಲ್ಲಿ ಕಾಲವು ಕದಡಿತು. 1950ರ ಜುಲೈ 16ರಂದು ರಿಯೋದ ಮರಕಾನಾ ಅಂಗಣದಲ್ಲಿ ವಿಶ್ವಪ್ರಶಸ್ತಿಯ ಕಡೆಯ ಆಟ. ಸಮವಾಗಿ ಮುಗಿದರೂ ಬ್ರೆಜಿಲಿಗೆ ಪ್ರಶಸ್ತಿ ದೊರೆಯುತ್ತಿತ್ತು. ಮೊದಲ ಗೋಲನ್ನು ಹೊಡೆದದ್ದೂ ಬ್ರೆಜಿಲೇ. ಆದರೆ ಉರುಗ್ವೆಯು 2-1ರಿಂದ ಗೆದ್ದಿತು. ಶೋಕವು ಕೋಪವಾಗಿ ತಿರುಗಿದಾಗ ಅದು ಬಿದ್ದುದು ಹೆಚ್ಚಾಗಿ ಕಪ್ಪು ವರ್ಣದ ಆಟಗಾರರ ಮೇಲೆ, ವಿಶೇಷವಾಗಿ ಗೋಲುರಕ್ಷಕ ಬಾರ್ಬೋಸನ ಮೇಲೆ. ಹನ್ನೊಂದು ಜನರ ಸೋಲಿನ ಹೊರೆಯನ್ನು ಅವನು 2000ದಲ್ಲಿ ತೀರಿಕೊಳ್ಳುವವರೆಗೂ ಹೊತ್ತನು. ಎಲ್ಲರದಾಯಿತೆಂದ ಆಟದಲ್ಲಿ ಗೆಲವು ಮಾತ್ರ ಎಲ್ಲರದು, ಸೋಲು ಕೆಲವರದೇ ಎಂಬುದು ಬಯಲಾಯಿತು.

ಇಲ್ಲಿ ಮಾರಿಯೋ ಫಿಲ್ಯೋ ಮಾಡಿದ ಕೆಲಸವು ಅವನನ್ನು ಇತರರಿಂದ ಬೇರ್ಪಡಿಸುತ್ತದೆ. 1964ರ ಎರಡನೆಯ ಆವೃತ್ತಿಗೆ ಹೊಸ ಅಧ್ಯಾಯಗಳನ್ನು ಸೇರಿಸಿ, 1950ರ ದೂಷಣೆಯನ್ನೂ, 1958 ಮತ್ತು 1962ರ ವಿಶ್ವವಿಜಯಗಳಲ್ಲಿ ಪೆಲೆ, ದೀದಿ ಮೊದಲಾದವರ ಏಳಿಗೆಯನ್ನೂ ಅವನು ಅದರಲ್ಲಿ ತಂದನು. ಆಟದ ಲೇಖಕನು ಅಂತಿಮ ಶಿಳ್ಳೆಯಾದೊಡನೆ ತನ್ನ ಕೆಲಸ ಮುಗಿಯಿತೆಂದು ತಿಳಿಯುವುದು ವಾಡಿಕೆ. ಈತನು ಹದಿನೇಳು ವರ್ಷಗಳ ಮೇಲೆ ತನ್ನ ತೀರ್ಪನ್ನು ತಾನೇ ಮರಳಿ ವಿಚಾರಿಸಿದನು. ಅವನು 1966ರಲ್ಲಿ ಗತಿಸಿದ ಬಳಿಕ ಮರಕಾನಾ ಅಂಗಣಕ್ಕೆ ಅವನ ಹೆಸರನ್ನೇ ಇಟ್ಟರು.

ಮೂವರನ್ನೂ ತೂಗಿ ನೋಡಿದರೆ, ಕ್ರೀಡಾಲೇಖನವು ಸಾಹಿತ್ಯಪದವಿಗೆ ಏರುವುದು ವರ್ಣನೆಯ ಸೊಬಗಿನಿಂದ ಮಾತ್ರವೇ ಅಲ್ಲವೆಂಬುದು ಸ್ಪಷ್ಟವಾಗುತ್ತದೆ. ರೈಸನ ವಾಕ್ಯಗಳನ್ನು ಓದಿ ಆನಂದಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅವನಿಲ್ಲದಿದ್ದರೆ ಆ ನಾಲ್ವರನ್ನು ಇಂದು ಯಾರೂ ಅರಿಯರು. ಆದರೆ ಗೆರೆಯೊಳಗೆ ಓಡುವವರನ್ನು ಕಂಡ ಕಣ್ಣು ಗೆರೆಯ ಹೊರಗೆ ಕೂಡಿಸಲ್ಪಟ್ಟವನನ್ನೂ ಕಂಡಾಗಲೇ ಬರಹಕ್ಕೆ ಪೂರ್ಣತೆ. 2013ರಲ್ಲಿ ಮೇರಿಲೆಂಡ್ ವಿಶ್ವವಿದ್ಯಾಲಯವು ಸಿದತ್‌ಸಿಂಗನ ಬಂಧುಗಳ ಮುಂದೆ ಬಹಿರಂಗವಾಗಿ ಕ್ಷಮೆ ಬೇಡಿತು. ಎಪ್ಪತ್ತಾರು ವರ್ಷ ಹಿಂದಿನ ಆ 13-0ರ ಲೆಕ್ಕವನ್ನು ಮಾತ್ರ ನೋಡಿದವನಿಗೆ ಈ ಕ್ಷಮಾಪಣೆಯ ಕಾರಣವು ತಿಳಿಯದು. ಅಂದು ಪಕ್ಕದ ಬೆಂಚಿನ ಮೇಲೆ ಆಟದ ಉಡುಪಿಲ್ಲದೆ ಕುಳಿತಿದ್ದವನಾರು, ಏಕೆ ಕುಳಿತಿದ್ದನು ಎಂಬುದು ಅಚ್ಚಿನಲ್ಲಿ ಉಳಿದುದು ಒಂದು ಸಣ್ಣ ಪತ್ರಿಕೆಯ ಕ್ರೀಡಾಪುಟದಿಂದ.