ಲಿನಕ್ಸ್ ಸ್ಥಾಪನೆ: ನಮ್ಮ ಕನ್ನಡ ಕೈಪಿಡಿಗಳಲ್ಲಿ ಇಲ್ಲದಿರುವುದೇನು?

2025ರ ಅಕ್ಟೋಬರ್ 14ರಂದು ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕ ಬೇಕು. ಇಂಟೆಲ್ ಪ್ರಾಸೆಸರ್ ಆದರೆ ಅದು ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದರ ನಂತರದ್ದೋ ಆಗಿರಬೇಕು. ಹೀಗಾಗಿ ಯಂತ್ರಾಂಶದಲ್ಲಿ ಯಾವ ದೋಷವೂ ಇಲ್ಲದ ಎಷ್ಟೋ ಗಣಕಗಳು ಒಮ್ಮೆಲೇ 'ಹಳೆಯವು' ಎನಿಸಿಕೊಂಡಿವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಶಾಲೆ, ಕಾಲೇಜು, ಝೆರಾಕ್ಸ್ ಅಂಗಡಿ ಹಾಗೂ ಮನೆಗಳಲ್ಲಿಯೂ ಇಂಥವು ಇವೆ. ಇವುಗಳಿಗೆ ಲಿನಕ್ಸ್ ಹಾಕಿಕೊಳ್ಳಿ ಎಂಬ ಸಲಹೆ ಸರಿಯಾದುದೇ. ಆದರೆ ಅದನ್ನು ಹಾಕಿಕೊಳ್ಳುವ ಬಗೆಯನ್ನು ಕನ್ನಡದಲ್ಲಿ ತಿಳಿಸುವ ಕೈಪಿಡಿ, ಲೇಖನ ಹಾಗೂ ತರಬೇತಿ ಟಿಪ್ಪಣಿಗಳು ಆ ಕೆಲಸಕ್ಕೆ ಸಾಲುತ್ತವೆಯೇ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತು ನಮ್ಮ ಭಾಗದಲ್ಲಿ ಪ್ರಸಿದ್ಧ. ಹಂಪಿಗೆ ನಡೆಯುವ ಶಕ್ತಿ ಬೇಕು. ಕನಕಗಿರಿಗೆ ನಿಂತು ನೋಡುವ ಕಣ್ಣು ಬೇಕು. ನಮ್ಮ ಸ್ಥಾಪನಾ ಕೈಪಿಡಿಗಳು ಓದುಗನನ್ನು ಚೆನ್ನಾಗಿ ನಡೆಸುತ್ತವೆ, ಆದರೆ ಎಲ್ಲಿ ನಿಂತು ಏನನ್ನು ನೋಡಬೇಕೆಂದು ಹೇಳುವುದಿಲ್ಲ. ಇದೇ ಅವುಗಳ ಮುಖ್ಯ ಕೊರತೆ.

ಬಂದ ದಾರಿ

ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರಿಂದ ರೂಪುಗೊಂಡಿತು. ಅದೇ ಮಾದರಿಯ ವ್ಯವಸ್ಥೆಯೊಂದನ್ನು ಎಲ್ಲರೂ ಮುಕ್ತವಾಗಿ ಬಳಸುವಂತೆ ಕಟ್ಟಲು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಘೋಷಿಸಿದರು. ಅದಕ್ಕೆ ಬೇಕಾದ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಒದಗಿಸಿದರು. ಆರಂಭದ ದಿನಗಳಲ್ಲಿ ಇದನ್ನು ಪಿ.ಸಿ.ಗೆ ಹಾಕುವುದೆಂದರೆ ಫ್ಲಾಪಿಗಳ ಕಟ್ಟು, ಮಾನಿಟರಿನ ಆವರ್ತಾಂಕಗಳ ಪಟ್ಟಿ ಮತ್ತು ಸಾಕಷ್ಟು ತಾಳ್ಮೆ ಬೇಕಾಗುತ್ತಿತ್ತು. ಉಬುಂಟು ಸಂಸ್ಥೆಯವರು 2011ರವರೆಗೆ ಕೇಳಿದವರಿಗೆ ಅಂಚೆಯಲ್ಲಿ ಉಚಿತವಾಗಿ ಸಿ.ಡಿ. ಕಳುಹಿಸುತ್ತಿದ್ದರು.

ಕರ್ನಾಟಕದಲ್ಲಿಯೂ ಕೆಲಸ ನಡೆದಿದೆ. 2001ರಿಂದ ಬೆಂಗಳೂರಿನಲ್ಲಿ ಲಿನಕ್ಸ್ ಬಳಕೆದಾರರ ವಾರ್ಷಿಕ ಸಮ್ಮೇಳನಗಳು ನಡೆದವು. 2011ರಲ್ಲಿ ಡಿ.ಎಸ್.ಇ.ಆರ್.ಟಿ. ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಆರಂಭಿಸಿದ 'ವಿಷಯ ಶಿಕ್ಷಕರ ವೇದಿಕೆ'ಯು ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಮತ್ತು ಜಿಯೋಜೀಬ್ರಾದಂಥ ಮುಕ್ತ ತಂತ್ರಾಂಶಗಳನ್ನು ಪರಿಚಯಿಸಿತು. ಅರವಿಂದ ವಿ.ಕೆ. ಅವರ 'ಗುಬ್ಬಿ' ಮತ್ತು 'ನವಿಲು' ಅಕ್ಷರಗಳು, ಕಗಪ ಕೀಲಿಮಣೆ ವಿನ್ಯಾಸ, ಡೆಬಿಯನ್ ಸ್ಥಾಪಕದ ಕನ್ನಡ ಅನುವಾದ ಇವೆಲ್ಲ ಬಹುಪಾಲು ಸ್ವಯಂಸೇವಕರ ಶ್ರಮದ ಫಲ. ಆ ಶ್ರಮದ ಬಗ್ಗೆ ಈ ಲೇಖಕನಿಗೆ ಗೌರವವಿದೆ. ಆದರೆ ಆ ಶ್ರಮ ಬಳಕೆದಾರನನ್ನು ತಲುಪುವ ಕೊನೆಯ ಹೆಜ್ಜೆಯಲ್ಲಿ ಕೈಪಿಡಿ ಸೋಲಬಾರದು.

ಅಳತೆಗೋಲು

ಬಿ.ಎಸ್‌ಸಿ. ವಿದ್ಯಾರ್ಥಿಯ ಪ್ರಯೋಗ ಪುಸ್ತಕದಲ್ಲಿ ಉದ್ದೇಶ, ತತ್ವ, ವಿಧಾನ, ವೀಕ್ಷಣೆ, ಎಚ್ಚರಿಕೆಗಳು ಎಂಬ ಐದು ಶೀರ್ಷಿಕೆಗಳಿರುತ್ತವೆ. ಇವುಗಳಲ್ಲಿ 'ವಿಧಾನ'ವನ್ನು ಮಾತ್ರ ಬರೆದು ತಂದರೆ ಯಾವ ಪರೀಕ್ಷಕನೂ ಅಂಕ ಕೊಡುವುದಿಲ್ಲ. ನಮ್ಮ ಸ್ಥಾಪನಾ ಬರಹಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ವಿಧಾನ ಒಂದೇ. ಪೆನ್‌ಡ್ರೈವ್ ಸಿದ್ಧಪಡಿಸಿ, ಭಾಷೆ ಆರಿಸಿ, 'ಮುಂದೆ' ಒತ್ತಿ, ಮತ್ತೆ 'ಮುಂದೆ' ಒತ್ತಿ, ಹೆಸರು ಮತ್ತು ಗುಪ್ತಪದ ಕೊಡಿ, ಮುಗಿಯಿತು. ತೆರೆಯ ಚಿತ್ರಗಳೂ ಇರುತ್ತವೆ. ಅದೇ ಯಂತ್ರ, ಅದೇ ಆವೃತ್ತಿ, ಖಾಲಿ ಡಿಸ್ಕ್ ಇದ್ದರೆ ಇಷ್ಟು ಸಾಕು. ಆದರೆ ಓದುಗನ ಮುಂದಿರುವ ಯಂತ್ರದಲ್ಲಿ ಐದಾರು ವರ್ಷದ ಪ್ರಶ್ನೆಪತ್ರಿಕೆಗಳು, ಮಗಳ ಮದುವೆಯ ಫೋಟೋಗಳು, ಅಂಗಡಿಯ ಲೆಕ್ಕ ಇರುತ್ತವೆ.

ತತ್ವ: ಡಿಸ್ಕಿನ ಒಳಗೆ ಏನಿದೆ?

ಸ್ಥಾಪನೆಯ ಇಪ್ಪತ್ತು ಹೆಜ್ಜೆಗಳಲ್ಲಿ ಹಿಂದಿರುಗಲಾಗದ ಹೆಜ್ಜೆ ಸಾಮಾನ್ಯವಾಗಿ ಒಂದೇ, ಅದು ಡಿಸ್ಕಿನ ವಿಭಾಗ ಅಥವಾ ಪಾರ್ಟಿಷನ್ ಬದಲಿಸುವುದು. ಸಮಯವಲಯ ತಪ್ಪಾದರೆ ನಾಳೆ ಸರಿಪಡಿಸಬಹುದು. ಭಾಷೆಯನ್ನೂ ನಾಳೆ ಬದಲಿಸಬಹುದು. 'ಡಿಸ್ಕನ್ನು ಅಳಿಸಿ ಸ್ಥಾಪಿಸು' ಎಂಬ ಆಯ್ಕೆಗೆ ಒಪ್ಪಿದ ಮೇಲೆ ನಾಳೆ ಎಂಬುದಿಲ್ಲ. ಆದರೆ ಕೈಪಿಡಿಗಳಲ್ಲಿ ಈ ಹೆಜ್ಜೆಗೂ ಉಳಿದವುಗಳಿಗೂ ಒಂದೊಂದೇ ಸಾಲು.

ನಮ್ಮ ಊರುಗಳ ಆಡುಮಾತು ಇಲ್ಲಿ ಇನ್ನೊಂದು ತೊಡಕು ತರುತ್ತದೆ. 'ಸಿಸ್ಟಂ ಫಾರ್ಮ್ಯಾಟ್ ಮಾಡಿಸಿದೆ' ಎಂದರೆ ಅಂಗಡಿಯಲ್ಲಿ ವಿಂಡೋಸನ್ನು ಮತ್ತೆ ಹಾಕಿಸಿದೆ ಎಂದರ್ಥ. ಅಂಗಡಿಯವರು ಸಾಮಾನ್ಯವಾಗಿ 'ಸಿ' ಡ್ರೈವನ್ನು ಮಾತ್ರ ಅಳಿಸುತ್ತಾರೆ. 'ಡಿ' ಡ್ರೈವಿನಲ್ಲಿರುವುದು ಹಾಗೇ ಉಳಿಯುತ್ತದೆ. ಹೀಗಾಗಿ 'ಡಿ'ಯಲ್ಲಿಟ್ಟದ್ದು ಸುರಕ್ಷಿತ ಎಂಬ ನಂಬಿಕೆ ಬೆಳೆದಿದೆ. ಆದರೆ 'ಸಿ' ಮತ್ತು 'ಡಿ' ಒಂದೇ ಡಿಸ್ಕಿನ ಎರಡು ಭಾಗಗಳು. ಲಿನಕ್ಸ್ ಸ್ಥಾಪಕವು ಡಿಸ್ಕನ್ನು ಅಳಿಸುತ್ತೇನೆ ಎಂದಾಗ ಅದು ಇಡೀ ಡಿಸ್ಕನ್ನು ಕುರಿತು ಹೇಳುತ್ತಿರುತ್ತದೆ. ಈ ಒಂದು ವಾಕ್ಯ ಕನ್ನಡದ ಪ್ರತಿಯೊಂದು ಕೈಪಿಡಿಯ ಮೊದಲ ಪುಟದಲ್ಲಿ ಇರಬೇಕು.

ತತ್ವ ವಿವರಿಸುವುದು ಕಷ್ಟವೂ ಅಲ್ಲ. ಹಳೆಯ ಬಯಾಸ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ ಸೆಕ್ಟರು 512 ಬೈಟ್‌ಗಳದು. ಅದರಲ್ಲಿ 446 ಬೈಟ್ ಬೂಟ್ ಸಂಕೇತಕ್ಕೆ, 64 ಬೈಟ್ ವಿಭಾಗಗಳ ಪಟ್ಟಿಗೆ, ಉಳಿದ 2 ಬೈಟ್ ಗುರುತಿಗೆ. ಪಟ್ಟಿಯ ಪ್ರತಿ ನಮೂದಿಗೆ 16 ಬೈಟ್ ಬೇಕಾದುದರಿಂದ ನಾಲ್ಕೇ ಪ್ರಾಥಮಿಕ ವಿಭಾಗಗಳು ಸಾಧ್ಯ. ನಾಲ್ಕನ್ನೂ ತಯಾರಕರೇ ಬಳಸಿಬಿಟ್ಟಿರುವ ಲ್ಯಾಪ್‌ಟಾಪಿನಲ್ಲಿ ಜಾಗ ಬಿಡಿಸಿಕೊಟ್ಟರೂ ಸ್ಥಾಪಕವು ಅದನ್ನು 'ಬಳಸಲಾಗದು' ಎನ್ನುತ್ತದೆ. ಕಾರಣ ತಿಳಿಯದ ವಿದ್ಯಾರ್ಥಿ ಒಂದು ವಿಭಾಗವನ್ನು ಊಹೆಯಿಂದ ಅಳಿಸುತ್ತಾನೆ; 64ನ್ನು 16ರಿಂದ ಭಾಗಿಸಿ ನೋಡಿದವನು ಅಳಿಸುವ ಮೊದಲು ಯೋಚಿಸುತ್ತಾನೆ. ಹೊಸ ಯು.ಇ.ಎಫ್.ಐ. ಯಂತ್ರಗಳಲ್ಲಿ ಜಿ.ಪಿ.ಟಿ. ಎಂಬ ಪಟ್ಟಿ ಇದ್ದು, ಸಾಮಾನ್ಯವಾಗಿ 128 ವಿಭಾಗಗಳಿಗೆ ಅವಕಾಶವಿದೆ. ಅಲ್ಲಿ ಬೂಟ್ ಕಡತಗಳಿಗಾಗಿಯೇ ಒಂದು ಚಿಕ್ಕ ವಿಭಾಗ ಇರುತ್ತದೆ. 'ಇದೇನು ಚಿಕ್ಕದು, ಬೇಡ' ಎಂದು ಅದನ್ನು ಅಳಿಸಿದರೆ ವಿಂಡೋಸ್ ಏಳುವುದೇ ಇಲ್ಲ.

ವೀಕ್ಷಣೆ: ಅಂಕಿಗಳು ಹೊಂದುತ್ತವೆಯೇ?

ಎರಡನೆಯ ಕೊರತೆ ಏಕಮಾನದ್ದು. ಭೌತವಿಜ್ಞಾನದ ಅಧ್ಯಾಪಕನಿಗೆ ಇದು ಕೂಡಲೇ ಕಣ್ಣಿಗೆ ಬೀಳುತ್ತದೆ. ಡಿಸ್ಕಿನ ಮೇಲೆ 500 ಜಿ.ಬಿ. ಎಂದು ಮುದ್ರಿಸಿರುತ್ತದೆ, ವಿಂಡೋಸ್ ಅದನ್ನು 465 ಎಂದು ತೋರಿಸುತ್ತದೆ, ಉಬುಂಟು ಸ್ಥಾಪಕ 500 ಎನ್ನುತ್ತದೆ. ತಯಾರಕರು ಮತ್ತು ಉಬುಂಟು 1 ಜಿ.ಬಿ. ಎಂದರೆ 10ರ 9ನೇ ಘಾತ ಎಂದು ಎಣಿಸಿದರೆ, ವಿಂಡೋಸ್ 2ರ 30ನೇ ಘಾತ ಎಂದು ಎಣಿಸುತ್ತದೆ. ಎರಡಕ್ಕೂ ವ್ಯತ್ಯಾಸ ಸುಮಾರು ಶೇಕಡ 7. ವಿಂಡೋಸಿನಲ್ಲಿ ಬಿಡಿಸಿದ 100 ಜಿ.ಬಿ. ಖಾಲಿ ಜಾಗ ಲಿನಕ್ಸ್ ಸ್ಥಾಪಕದಲ್ಲಿ 107 ಆಗಿ ಕಾಣುತ್ತದೆ. ಅಲ್ಲಿ 'ಸಿ', 'ಡಿ' ಎಂಬ ಹೆಸರುಗಳೂ ಇರುವುದಿಲ್ಲ. 'ಎಸ್‌ಡಿಎ1', 'ಎಸ್‌ಡಿಎ2' ಎಂದಿರುತ್ತದೆ. ಅಂದರೆ ಓದುಗನು ತನ್ನ ವಿಭಾಗವನ್ನು ಗುರುತಿಸಲು ಉಳಿದಿರುವ ಮುಖ್ಯ ಸುಳಿವು ಗಾತ್ರ, ಅದೂ ಹೊಂದುವುದಿಲ್ಲ. ಗುರುತು ತಪ್ಪುವುದು ಇಲ್ಲಿಯೇ. ಸ್ಥಾಪನೆಗೆ ಮೊದಲು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಪ್ರತಿ ವಿಭಾಗದ ಗಾತ್ರವನ್ನು ಕಾಗದದ ಮೇಲೆ ಬರೆದು, ಪಕ್ಕದಲ್ಲಿ 1.07ರಿಂದ ಗುಣಿಸಿದ ಅಂಕಿ ಬರೆದುಕೊಳ್ಳಿ ಎಂದರೆ ಸಾಕು. ಇದು ವೀಕ್ಷಣಾ ಕೋಷ್ಟಕ.

ಗಡಿಯಾರದ ವಿಷಯವೂ ಹೀಗೆಯೇ. ಲಿನಕ್ಸ್ ಸಾಮಾನ್ಯವಾಗಿ ಗಣಕದ ಒಳಗಿನ ಗಡಿಯಾರದಲ್ಲಿ ಅಂತರರಾಷ್ಟ್ರೀಯ ಪ್ರಮಾಣ ಕಾಲವನ್ನು ಇಡುತ್ತದೆ. ವಿಂಡೋಸ್ ಸ್ಥಳೀಯ ಕಾಲವನ್ನು ಇಡುತ್ತದೆ. ಎರಡನ್ನೂ ಇಟ್ಟುಕೊಂಡವರು ಲಿನಕ್ಸ್ ಬಳಸಿ, ನಂತರ ಬೆಳಿಗ್ಗೆ 10 ಗಂಟೆಗೆ ವಿಂಡೋಸ್ ತೆರೆದರೆ ಅದು 4:30 ಎನ್ನಬಹುದು. ಐದೂವರೆ ಗಂಟೆಯ ಈ ವ್ಯತ್ಯಾಸ ಭಾರತೀಯ ಕಾಲಮಾನದ ನೇರ ಫಲ. ಕೈಪಿಡಿಯಲ್ಲಿ ಇದಿಲ್ಲದಿದ್ದರೆ 'ಲಿನಕ್ಸ್ ಹಾಕಿದ ಮೇಲೆ ಗಣಕ ಕೆಟ್ಟಿತು' ಎಂಬ ದೂರು ಹುಟ್ಟುತ್ತದೆ.

ಸ್ಥಾಪಿಸದೆಯೇ ಪೆನ್‌ಡ್ರೈವಿನಿಂದ ಲಿನಕ್ಸ್ ನಡೆಸಿ ನೋಡುವ ಸೌಲಭ್ಯವೂ ವೀಕ್ಷಣೆಯ ಭಾಗವೇ. ವೈಫೈ, ಧ್ವನಿ, ಪ್ರಿಂಟರ್, ಕನ್ನಡ ಕೀಲಿಮಣೆ ಇವುಗಳನ್ನು ಅಲ್ಲಿಯೇ ಪರೀಕ್ಷಿಸಬಹುದು. ಬಹಳಷ್ಟು ಬರಹಗಳು ಇದನ್ನು ಉಲ್ಲೇಖಿಸುತ್ತವೆ. ಏನನ್ನು ಪರೀಕ್ಷಿಸಬೇಕೆಂದು ಹೇಳುವುದಿಲ್ಲ.

ಭಾಷೆ

ಸ್ಥಾಪಕದ ಕನ್ನಡದ ಬಗ್ಗೆ ಒಂದು ಮಾತು. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲು ಚಿತ್ರಾತ್ಮಕ ತೆರೆ ಬೇಕಾದುದರಿಂದ ಡೆಬಿಯನ್ ಸ್ಥಾಪಕದಲ್ಲಿ ಕನ್ನಡ ಸಿಗುವುದು ಚಿತ್ರಾತ್ಮಕ ವಿಧಾನದಲ್ಲಿ ಮಾತ್ರ. ಹಳೆಯ ಯಂತ್ರಕ್ಕೆ ಪಠ್ಯ ವಿಧಾನವೇ ಹಗುರ ಎಂದು ಶಿಫಾರಸು ಮಾಡುವವರು ಜೊತೆಗೆ ಕನ್ನಡದ ಬಾಗಿಲನ್ನೂ ಮುಚ್ಚುತ್ತಿರುತ್ತಾರೆ. ಅದನ್ನು ಹೇಳಿ ಮುಚ್ಚಬೇಕು. ಇನ್ನು ಪದಗಳು. 'ಮೌಂಟ್' ಎಂಬುದಕ್ಕೆ ಅನುವಾದಗಳಲ್ಲಿ ಬಳಕೆಯಾಗಿರುವ 'ಆರೋಹಿಸು' ಸಂಗೀತ ಬಲ್ಲವರಿಗೆ ಬೇರೆಯದೇ ಅರ್ಥ ಕೊಡುತ್ತದೆ. ಇಲ್ಲಿ ನಡೆಯುವುದು ಒಂದು ವಿಭಾಗವನ್ನು ಕಡತವೃಕ್ಷದ ಒಂದು ಕೊಂಬೆಗೆ ಜೋಡಿಸುವುದು. 'ಜೋಡಿಸು' ಎಂದರೆ ಏನು ನಷ್ಟ? 'ರೂಟ್' ಎಂಬುದು ಒಮ್ಮೆ ಕಡತವೃಕ್ಷದ ಬುಡ, ಇನ್ನೊಮ್ಮೆ ಸರ್ವಾಧಿಕಾರವುಳ್ಳ ಬಳಕೆದಾರ. ಎರಡನ್ನೂ 'ಮೂಲ' ಎಂದು ಬರೆದರೆ ಓದುಗ ದಾರಿ ತಪ್ಪುತ್ತಾನೆ. 'ಪಾರ್ಟಿಷನ್', 'ಬೂಟ್' ಮೊದಲಾದ ಪದಗಳು ಗಂಗಾವತಿಯ ರಿಪೇರಿ ಅಂಗಡಿಯಲ್ಲಿಯೂ ಚಲಾವಣೆಯಲ್ಲಿವೆ. ಕೈಪಿಡಿಯು ಅಂಗಡಿಯ ಪದ ಮತ್ತು ತೆರೆಯ ಮೇಲಿನ ಪದ ಎರಡನ್ನೂ ಒಟ್ಟಿಗೆ ಕೊಟ್ಟರೆ, ತೊಂದರೆಯಾದಾಗ ಓದುಗ ಪಕ್ಕದವರನ್ನು ಕೇಳಬಲ್ಲ.

ಎಚ್ಚರಿಕೆಗಳು

ಕೈಪಿಡಿಯಲ್ಲಿ ಇರಲೇಬೇಕಾದವುಗಳನ್ನು ಸಂಕ್ಷೇಪವಾಗಿ ಹೇಳಬಹುದು. ಮುಖ್ಯ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಟ್ಟು, ಅಲ್ಲಿ ತೆರೆದು ನೋಡಿದ ಮೇಲೆಯೇ ಮುಂದುವರಿಯಬೇಕು. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚಿಸಿದ, ಯೂನಿಕೋಡ್ ಅಲ್ಲದ ಕಡತಗಳಿದ್ದರೆ ಆ ಅಕ್ಷರಗಳನ್ನೂ ನಕಲಿಸಿಕೊಳ್ಳಬೇಕು, ಇಲ್ಲವೇ ಮೊದಲೇ ಯೂನಿಕೋಡಿಗೆ ಪರಿವರ್ತಿಸಬೇಕು. ಇಲ್ಲವಾದರೆ ಕಡತ ಉಳಿದರೂ ಓದಲಾಗದು. ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಅನ್ನು ನಿಲ್ಲಿಸಬೇಕು. ಅದಿದ್ದರೆ ಯಂತ್ರ ಆರಿದಂತೆ ಕಂಡರೂ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ. ವಿಭಾಗವನ್ನು ಕಿರಿದುಗೊಳಿಸುವಾಗ ದತ್ತಾಂಶ ಸ್ಥಳಾಂತರವಾಗುತ್ತಿರುತ್ತದೆ. ಆಗ ಕರೆಂಟು ಹೋದರೆ ಅಪಾಯ. ಆದುದರಿಂದ ಡೆಸ್ಕ್‌ಟಾಪಿಗೆ ಯು.ಪಿ.ಎಸ್. ಇರಲಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ. 32 ಬಿಟ್ ಯಂತ್ರವಾದರೆ ಆವೃತ್ತಿಯನ್ನು ನೋಡಿ ಆರಿಸಬೇಕು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅಂಥ ಯಂತ್ರಗಳಿಗೆ ಸ್ಥಾಪಕವಿಲ್ಲ, 12ರಲ್ಲಿ ಇದೆ.

ತಪ್ಪಾಗಿ ಅಳಿಸಿದ ಮೇಲೆ ಏನು ಮಾಡಬೇಕೆಂಬುದನ್ನೂ ಬರೆಯಬೇಕು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಹಲವು ವೇಳೆ ಅಳಿದಿರುವುದು ಪಟ್ಟಿ ಮಾತ್ರ. ಕೂಡಲೇ ಯಂತ್ರ ನಿಲ್ಲಿಸಿ, ಏನನ್ನೂ ಬರೆಯದೆ, ಟೆಸ್ಟ್‌ಡಿಸ್ಕ್‌ನಂಥ ತಂತ್ರಾಂಶದಿಂದ ಮರಳಿ ಪಡೆಯುವ ಆಸೆ ಇದೆ. ಎಸ್.ಎಸ್.ಡಿ.ಗಳಲ್ಲಿ ಫಾರ್ಮ್ಯಾಟ್ ಮಾಡುವಾಗಲೇ ಹಳೆಯ ಕೋಶಗಳು ಬೇಡವೆಂದು ಡಿಸ್ಕಿಗೆ ತಿಳಿಸಲಾಗುವುದರಿಂದ ಆ ಆಸೆ ಬಹಳ ಕಡಿಮೆ.

ಒಂದು ಆಕ್ಷೇಪಣೆ

ಇಷ್ಟೆಲ್ಲ ಬರೆದರೆ ಹೊಸಬರು ಹೆದರಿ ಓಡುತ್ತಾರೆ, ಸರಳವಾಗಿರಲಿ ಎಂಬ ವಾದವಿದೆ. ಇದರಲ್ಲಿ ಅರ್ಧ ಸತ್ಯವಿದೆ. ಇಂದಿನ ಸ್ಥಾಪಕಗಳು ನಿಜಕ್ಕೂ ಸುಲಭ. ಯಂತ್ರಾಂಶದ ಬಹುಪಾಲನ್ನು ತಾವೇ ಗುರುತಿಸುತ್ತವೆ. ಆದರೆ ಸರಳತೆ ಬೇರೆ, ಮೌನ ಬೇರೆ. ಸುಲಭವಾದ ಹತ್ತೊಂಬತ್ತು ಹೆಜ್ಜೆಗಳಿಗೆ ಹತ್ತೊಂಬತ್ತು ಚಿತ್ರ ಕೊಟ್ಟು, ಕಷ್ಟದ ಒಂದಕ್ಕೆ ಒಂದೇ ಸಾಲು ಬರೆಯುವುದು ಸರಳತೆಯಲ್ಲ. ಆ ಹತ್ತೊಂಬತ್ತನ್ನು ಸ್ಥಾಪಕವೇ ನಡೆಸಿಕೊಡುತ್ತದೆ. ಕೈಪಿಡಿಯ ಅಗತ್ಯ ಇರುವುದು ಇಪ್ಪತ್ತನೆಯದಕ್ಕೆ. ಬೆಂಗಳೂರಿನಲ್ಲಿ ತಪ್ಪಿದವನಿಗೆ ಕೇಳಲು ಬಳಕೆದಾರರ ಗುಂಪುಗಳಿವೆ. ಕನಕಗಿರಿಯಲ್ಲಿ ಒಬ್ಬಂಟಿಯಾಗಿ ಕುಳಿತ ವಿದ್ಯಾರ್ಥಿಗೆ ಕೈಪಿಡಿಯೇ ಗುಂಪು. ಒಮ್ಮೆ ಕಡತ ಕಳೆದುಕೊಂಡ ಶಾಲೆ ಮತ್ತೆ ಲಿನಕ್ಸ್ ಹೆಸರೆತ್ತುವುದಿಲ್ಲ. ಪರವಾನಗಿ ಇಲ್ಲದ ವಿಂಡೋಸ್ ನಕಲಿಗೇ ಮರಳುತ್ತದೆ. ಸ್ವಯಂಸೇವಕರ ವರ್ಷಗಳ ಶ್ರಮ ಆಗ ಒಂದೇ ದಿನದಲ್ಲಿ ವ್ಯರ್ಥವಾಗುತ್ತದೆ.

ಆದುದರಿಂದ ಕನ್ನಡದಲ್ಲಿ ಸ್ಥಾಪನಾ ಕೈಪಿಡಿ ಬರೆಯುವವರಲ್ಲಿ ಒಂದು ವಿನಂತಿ. ಮುದ್ರಿಸುವ ಮೊದಲು ಅದನ್ನು ಖಾಲಿ ಡಿಸ್ಕಿನ ಮೇಲಲ್ಲ, ವಿಂಡೋಸ್ ಮತ್ತು 'ಡಿ' ಡ್ರೈವ್ ಎರಡೂ ಇರುವ ಹಳೆಯ ಯಂತ್ರದ ಮೇಲೆ, ಲಿನಕ್ಸ್ ಕಂಡರಿಯದ ವಿದ್ಯಾರ್ಥಿಯೊಬ್ಬನ ಕೈಯಿಂದ ಮಾಡಿಸಿ ನೋಡಿ. ನೀವು ಬಾಯಿ ಬಿಡಬೇಡಿ. ಅವನು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾನೋ ಅಲ್ಲಿ ಕೈಪಿಡಿಗೆ ಇನ್ನೊಂದು ಪುಟ ಬೇಕಾಗಿದೆ ಎಂದು ತಿಳಿಯಿರಿ.