ಲಕ್ಕಮ್ಮ ಕೇಳಿದ ಲೆಕ್ಕ

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು ತಪ್ಪಾಗಿ ಓದುತ್ತ ಬಂದಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಇಷ್ಟೇಕೆ ಎಂದು ಲಕ್ಕಮ್ಮ ತಡೆದು, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸುತ್ತಾಳೆ. ಭಾಷಣಗಳಲ್ಲಿ ಇದು ಬಡವರಿಗೆ ತೃಪ್ತಿ ಕಲಿಸುವ ನೀತಿಕಥೆ. ಆದರೆ ಕಥೆಯ ಜೀವ ಬೇರೆಡೆ ಇದೆ. ಒಂದು ಮನೆಗೆ ಎಷ್ಟು ಬೇಕು ಎಂದು ಇಲ್ಲಿ ನಿರ್ಧರಿಸುವವಳು ಆ ಅಕ್ಕಿಯನ್ನು ಬೇಯಿಸಿ ಉಣ್ಣುವವಳೇ. ಉಳಿದದ್ದು ಇನ್ನೊಬ್ಬರ ಪಾಲು ಎಂಬ ಅರಿವೂ ಅವಳದೇ.

ಇವತ್ತು ಅದೇ ಪ್ರಶ್ನೆಯನ್ನು ಕೃತಕ ಬುದ್ಧಿಮತ್ತೆಯಿಂದ ಕೇಳಿಸುವ ಉತ್ಸಾಹ ಎಲ್ಲೆಡೆ ಇದೆ. ಪಕ್ಕದ ತೆಲಂಗಾಣದ ‘ಸಮಗ್ರ ವೇದಿಕ’ ಹಲವು ಇಲಾಖೆಗಳ ಕಡತಗಳನ್ನು ಹೊಂದಿಸಿ ಯಾರು ಅರ್ಹರು ಎಂದು ಗುರುತಿಸುವ ವ್ಯವಸ್ಥೆ. ಹೆಸರು ಹೋಲುತ್ತದೆಂದು ರಿಕ್ಷಾ ಎಳೆಯುವವನನ್ನು ಅದು ಕಾರಿನ ಮಾಲೀಕನೆಂದು ಎಣಿಸಿದ್ದೂ ಉಂಟು. ಸ್ಥಳ ಪರಿಶೀಲನೆಯಿಲ್ಲದೆ ಕಾರ್ಡುಗಳು ರದ್ದಾದವು ಎಂಬ ದೂರು ಸುಪ್ರೀಂ ಕೋರ್ಟಿಗೆ ಹೋಯಿತು. ಸುಮಾರು 19 ಲಕ್ಷ ಕಾರ್ಡುಗಳನ್ನು ಮರುಪರಿಶೀಲಿಸಲು ಅದು 2022ರಲ್ಲಿ ಹೇಳಿತು. ನಮ್ಮಲ್ಲೂ 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗಿ, ಗದ್ದಲವೆದ್ದ ಮೇಲೆ ಅರ್ಹರಿಗೆ ಮರಳಿಸಬೇಕಾಯಿತು.

ಉಣ್ಣುವವಳ ಬಾಯಲ್ಲಿ ‘ಇಷ್ಟೇಕೆ’ ಎಂಬುದು ವಿವೇಕ. ಕೊಡುವವನ ಪರವಾಗಿ ಯಂತ್ರ ಕೇಳಿದಾಗ ಅದೇ ಮಾತು ಅನುಮಾನವಾಗುತ್ತದೆ. ಲಕ್ಕಮ್ಮನಿಗೆ ಮಾರಯ್ಯ ಮರುಮಾತಾಡಬಹುದಿತ್ತು. ಕಳಸಾಪುರದಲ್ಲೋ ಲಕ್ಷ್ಮೇಶ್ವರದಲ್ಲೋ ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವಳು ಯಾರಿಗೆ ಮರುಮಾತಾಡಬೇಕು? ಅಂಗಡಿಯವನು ಪರದೆ ತೋರಿಸುತ್ತಾನೆ, ಕಚೇರಿಯವರು ‘ಮೇಲಿನಿಂದ ಬಂದದ್ದು’ ಎನ್ನುತ್ತಾರೆ.

ಕಳಸಾಪುರವಿರುವ ಗದಗ ತಾಲೂಕಿನಲ್ಲೇ ಕಣಗಿನಹಾಳವೂ ಇದೆ. 1904ರ ಕಾಯ್ದೆಯ ಬೆನ್ನಿಗೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಂದಿನ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ: ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಮನೆಗೂ ತಟ್ಟುತ್ತಿತ್ತು. ಹಾಗಾಗಿ ಯಾರ ಹೊಲದಲ್ಲಿ ಮಳೆ ಕೈಕೊಟ್ಟಿದೆ, ಯಾರ ಎತ್ತು ಸತ್ತಿದೆ ಎಂಬುದು ನೆರೆಯವರಿಗೆ ಗೊತ್ತಿರಲೇಬೇಕಿತ್ತು. ತಪ್ಪಾದರೆ ನಷ್ಟ ತೀರ್ಮಾನಿಸಿದವರಿಗೂ ಇತ್ತು. ಕಾರ್ಡು ರದ್ದು ಮಾಡುವ ಗಣಕಕ್ಕೆ ತಪ್ಪಿನಿಂದ ಒಂದು ಹೊತ್ತಿನ ಊಟವೂ ತಪ್ಪುವುದಿಲ್ಲ.

ಹಾಗೆಂದು ಊರಿನ ಅರಿವನ್ನು ಹೊಗಳಿ ಕೂರುವಂತಿಲ್ಲ. ಊರಿಗೆ ಎಲ್ಲರೂ ಗೊತ್ತಿದ್ದರು, ಅವರ ಜಾತಿ ಸಮೇತ. ಕೇರಿಯಾಚೆಯವರನ್ನೂ ಹೊಲವಿಲ್ಲದ ಹೆಂಗಸರನ್ನೂ ‘ನಂಬಿಕಸ್ಥರ’ ಪಟ್ಟಿಯಿಂದ ಬಿಟ್ಟದ್ದು ಇದೇ ಊರು. ತೂಕದಲ್ಲಿ ಹೊಡೆಯುವವರೂ ಸತ್ತವರ ಹೆಸರಲ್ಲಿ ಅಕ್ಕಿ ಎತ್ತುವವರೂ ಊರಿನವರೇ. ಮುಖ ನೋಡದ ಯಂತ್ರ ಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ.

ಆದ್ದರಿಂದ ಕೆಲಸವನ್ನು ಹಂಚಿಕೊಳ್ಳಬೇಕು. ಯಾವ ಗೋದಾಮಿನಲ್ಲಿ ಎಷ್ಟು ಚೀಲ ಉಳಿದಿದೆ, ಯಾವುದು ಹುಳ ಹಿಡಿಯುವ ಮೊದಲು ಸಾಗಬೇಕು, ಯಾವ ಲಾರಿ ಯಾವ ದಾರಿ ಹಿಡಿದರೆ ಡೀಸೆಲ್ ಉಳಿದೀತು: ಈ ಲೆಕ್ಕ ಯಂತ್ರ ಮಾಡಲಿ. ಅಕ್ಕಿಯನ್ನು ಅನುಮಾನಿಸಿದರೆ ಅಕ್ಕಿಗೇನೂ ನೋವಾಗದು. ಮನುಷ್ಯರ ವಿಷಯ ಬಂದಾಗ ಯಂತ್ರದ ಮಾತು ದೂರಾಗಿರಲಿ, ತೀರ್ಪಾಗದಿರಲಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಸಾಮಾಜಿಕ ಪರಿಶೋಧನೆಯೂ ಜಾಗೃತಿ ಸಮಿತಿಗಳೂ ಇವೆ. ಸಂಶಯದ ಹೆಸರುಗಳು ಮೊದಲು ಅಲ್ಲಿಗೆ ಬರಲಿ. ಕಾರಣವನ್ನು ಕನ್ನಡದಲ್ಲಿ ಬರೆದು ಮನೆಗೆ ಮುಟ್ಟಿಸಲಿ. ವಿಚಾರಣೆ ಮುಗಿಯುವವರೆಗೆ ಅಕ್ಕಿ ನಿಲ್ಲದಿರಲಿ.

ಬೋರ್ಡಿನ ಮೇಲೇ ನ್ಯಾಯ ಎಂದು ಬರೆದುಕೊಂಡ ಅಂಗಡಿ ಅದು. ಚೀಲ ಹಿಡಿದು ನಿಂತವಳಿಗೂ ಅಲ್ಲಿ ಲೆಕ್ಕ ಕೇಳುವ ಹಕ್ಕಿರಬೇಕು.